ಡಿಬೇಟ್‌ಗೆ ಯಾವ ಅಭ್ಯರ್ಥೀನ ಕರೀಬೇಕು ಅನ್ನೋದು ಚಾನೆಲ್‌ನವ್ರ ಇಷ್ಟಾನಾ?

ತುಂಗಾತೀರದವ

ಸುಮಾರು ದಿನದಿಂದ ಕೇಳ್ಬೇಕು ಅನ್ಕೊಂಡಿದ್ದೆ. 2023ರ ವಿಧಾನಸಭಾ ಚುನಾವಣೆ ಹೊತ್ತಲ್ಲಿ ನಮ್ಮ ತಾಲೂಕಲ್ಲಿ ಒಂದು ಲೋಕಲ್ ಚಾನೆಲ್‌ನವ್ರು (ಹೆಸ್ರು ಬೇಡ ಬಿಡಿ) ಸಮುದಾಯ ಭವನದಲ್ಲಿ ಅಭ್ಯರ್ಥಿಗಳ ಮುಖಾಮುಖಿ ಅಂತ ಇಟ್ಕೊಂಡಿದ್ರು. ಕಣದಲ್ಲಿ ಎಂಟೊಂಬತ್ತು ಜನ, ಸ್ಟೇಜ್ ಮೇಲೆ ಮೂರೇ ಕುರ್ಚಿ. ನಮ್ಮ ಕಡೆಯವ್ರೊಬ್ರು ಪಕ್ಷೇತರ ನಿಂತಿದ್ರು, ಬಗರ್‌ಹುಕುಂ ಅರ್ಜಿ ಹಿಡ್ಕೊಂಡು ತಾಲೂಕ್ ಆಫೀಸಿಗೆ ವರ್ಷಾನುಗಟ್ಲೆ ಅಲೆದವ್ರು. ಅವ್ರಿಗೆ ಮೊದ್ಲು ಫೋನ್ ಮಾಡಿ ಬನ್ನಿ ಸಾರ್ ಅಂತ ಕರ್ದು, ಹಿಂದಿನ ದಿನ ರಾತ್ರಿ ಮತ್ತೆ ಫೋನ್ ಮಾಡಿ "ಟೈಮ್ ಸಾಲಲ್ಲ ಸಾರ್, ಮುಖ್ಯ ಅಭ್ಯರ್ಥಿಗಳು ಮಾತ್ರ ಅಂತಾಗಿದೆ" ಅಂದ್ರಂತೆ. ಅವ್ರು ಸುಮ್ನಿರ್ಲಿಲ್ಲ, ಬಂದು ಜನರ ಜೊತೆ ಕೂತು ಪ್ರಶ್ನೆ ಕೇಳೋ ಹೊತ್ತಲ್ಲಿ ಕೈ ಎತ್ತಿದ್ರು, ಮೈಕ್ ಹಿಡ್ಕೊಂಡಿದ್ದ ಹುಡ್ಗ ಆ ಸಾಲಿನ ಕಡೆ ತಲೆನೇ ಹಾಕ್ಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಚಾನೆಲ್ ಅವರದ್ದು, ದುಡ್ಡು ಅವರದ್ದು, ಒಪ್ದೆ. ಆದ್ರೆ ಚುನಾವಣೆ ಅವರದ್ದಲ್ವಲ್ಲ. ನಾಮಪತ್ರ ಸ್ವೀಕಾರ ಆಗಿ, ಚಿಹ್ನೆ ಸಿಕ್ಕಿ, ಮತಯಂತ್ರದಲ್ಲಿ ಹೆಸ್ರು ಬಂದಿರೋ ಮನುಷ್ಯನ್ನ ಇವ್ರು ಯಾವ ಲೆಕ್ಕದಲ್ಲಿ ಬೇಡ ಅಂತಾರೆ? ಇದಕ್ಕೆ ಕಾನೂನು ಅಂತ ಎಂತದೂ ಇಲ್ವಾ ಮಾರಾಯ್ರೆ?

ಪೇಪರ್‌ಟೌನ್ ಹುಡ್ಗ

ಅವ್ರ ಚಾನೆಲ್ ಅವ್ರಿಷ್ಟ. ನಮ್ಮನೆ ಮದ್ವೆಗೆ ಯಾರಿಗೆ ಕಾಗ್ದ ಕೊಡ್ಬೇಕು ಅಂತ ತಹಶೀಲ್ದಾರ್ರು ಬಂದು ಹೇಳಕ್ಕಾಗತ್ತಾ

ಸಾಗರದ ವಕೀಲ

ಪೇಪರ್‌ಟೌನ್ ಒಂದು ಸಾಲಲ್ಲಿ ಹೇಳಿದ್ದು ಕಾನೂನಿನ ಮಟ್ಟಿಗೆ ಮುಕ್ಕಾಲು ಪಾಲು ಸರಿ ಇದೆ, ಉಳಿದ ಕಾಲು ಪಾಲು ಹೇಳ್ತೀನಿ.

ಸಂವಿಧಾನದ 19(1)(ಎ) ಇದೆಯಲ್ಲ, ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಅನ್ನೋದೂ ಅದರೊಳಗೇ ಬರೋದು. ಏನು ಹಾಕ್ಬೇಕು ಅಂತ ತೀರ್ಮಾನಿಸೋ ಹಕ್ಕಿನ ಜೊತೆಗೆ ಏನು ಬಿಡ್ಬೇಕು ಅನ್ನೋ ಹಕ್ಕೂ ಸಂಪಾದಕರಿಗೆ ಸೇರಿದ್ದು. ಅಭ್ಯರ್ಥಿ ಹೋಗಿ "ನನ್ನನ್ನೂ ಕೂರಿಸಿ" ಅಂತ ಹೈಕೋರ್ಟಲ್ಲಿ ರಿಟ್ ಹಾಕಿದ್ರೆ ಮೊದಲ ಪ್ರಶ್ನೆನೇ "ಈ ಚಾನೆಲ್ ಸರ್ಕಾರದ್ದಾ?" ಅಂತ. ಅಲ್ಲ ಅಂದ್ರೆ ಅರ್ಧ ಕೇಸ್ ಅಲ್ಲೇ ಮುಗೀತು.

ಒಂದು ಒಳ್ಳೇ ಉದಾಹರಣೆ ಇದೆ. ಎಲ್‌ಐಸಿ ಮೇಲೆ ಗುಜರಾತಿನ ಮನುಭಾಯಿ ಶಾ ಅನ್ನೋ ಗ್ರಾಹಕ ಹೋರಾಟಗಾರರು ಒಂದು ಅಧ್ಯಯನ ಬರೆದ್ರು, ಪ್ರೀಮಿಯಂ ಜಾಸ್ತಿ ವಸೂಲಿ ಮಾಡ್ತಿದಾರೆ ಅಂತ. ಅದಕ್ಕೆ ಎಲ್‌ಐಸಿಯವರ ಉತ್ತರ ಅವರದ್ದೇ ಮನೆ ಪತ್ರಿಕೆಯಲ್ಲಿ ಬಂತು, ಶಾ ಅವರ ಮರು ಉತ್ತರ ಹಾಕೋಕೆ ಮಾತ್ರ ಒಪ್ಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್ ಹಾಕ್ಲೇಬೇಕು ಅಂತು. ಯಾಕಂದ್ರೆ ಎಲ್‌ಐಸಿ ಅಂದ್ರೆ ಸರ್ಕಾರದ ಅಂಗ, ಜನರ ದುಡ್ಡಲ್ಲಿ ನಡೆಯೋದು. ಅದೇ ಶಿವಮೊಗ್ಗದ ಒಂದು ಖಾಸಗಿ ಪೇಪರ್ ಆಗಿದ್ರೆ ಆ ತೀರ್ಪು ಬರ್ತಿರ್ಲಿಲ್ಲ.

ತುಂಗಾತೀರದವ

ವಕೀಲ್ರೇ ಆದ್ರೆ ತರಂಗಾಂತರ ಸಾರ್ವಜನಿಕ ಆಸ್ತಿ ಅಂತ ಒಂದು ತೀರ್ಪು ಇದೆ ಅಲ್ವಾ? ಕ್ರಿಕೆಟ್ ಕೇಸು. ಸಾರ್ವಜನಿಕ ಆಸ್ತಿ ಬಳಸ್ಕೊಂಡು ಸಾರ್ವಜನಿಕರನ್ನೇ ಆಚೆ ನಿಲ್ಸೋದು ಹೆಂಗೆ?

ಸಾಗರದ ವಕೀಲ

ಇದೆ, 1995, ಬಂಗಾಳ ಕ್ರಿಕೆಟ್ ಸಂಸ್ಥೆ ಕೇಸು. ಹೀರೋ ಕಪ್ ಪ್ರಸಾರದ ಜಗಳದಿಂದ ಶುರುವಾಗಿದ್ದು. ಆಕಾಶದಲ್ಲಿ ಹೋಗೋ ತರಂಗ ಜನರ ಸ್ವತ್ತು, ಸರ್ಕಾರ ಒಂದೇ ಅದನ್ನ ಹಿಡ್ಕೊಂಡು ಕೂರೋ ಹಾಗಿಲ್ಲ ಅಂತ ಹೇಳಿದ್ದು. ಅದು ದೂರದರ್ಶನದ ಏಕಸ್ವಾಮ್ಯ ಮುರಿಯೋಕೆ ಬಂದ ಮಾತು. ಪ್ರತಿ ಅಭ್ಯರ್ಥಿಗೂ ಪ್ರತಿ ಚಾನೆಲ್‌ನಲ್ಲಿ ಕುರ್ಚಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಮೇಲಾಗಿ ನಿಮ್ಮ ಲೋಕಲ್ ಚಾನೆಲ್ ಹೋಗೋದು ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ಮೇಲೆ, ಈಗಂತೂ ಯೂಟ್ಯೂಬ್ ಮೇಲೆ.

ಇನ್ನೊಂದು ತಮಾಷೆ. ಸರ್ಕಾರಿ ದೂರದರ್ಶನ, ಆಕಾಶವಾಣಿಯಲ್ಲಿ ಚುನಾವಣೆ ಹೊತ್ತಲ್ಲಿ ಪಕ್ಷಗಳಿಗೆ ಉಚಿತ ಸಮಯ ಕೊಡ್ತಾರಲ್ಲ, 1977ರಿಂದ ನಡೀತಾ ಬಂದಿದ್ದು, 2003ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ 39ಎ ಸೇರಿಸಿ ಖಾಸಗಿ ಕೇಬಲ್‌ಗೂ ಅನ್ವಯ ಆಗೋ ಹಾಗೆ ಬರೆದಿಟ್ರು. ಅದು ಯಾರಿಗೆ? ಮಾನ್ಯತೆ ಇರೋ ರಾಷ್ಟ್ರೀಯ ಪಕ್ಷ, ರಾಜ್ಯ ಪಕ್ಷಕ್ಕೆ ಮಾತ್ರ. ಎಲ್ಲರಿಗೂ ಒಂದಿಷ್ಟು ಸಮ, ಮೇಲೆ ಹಿಂದಿನ ಚುನಾವಣೆ ಸಾಧನೆ ನೋಡ್ಕೊಂಡು ಜಾಸ್ತಿ. ಪಕ್ಷೇತರರಿಗೆ ಭದ್ರಾವತಿ ಆಕಾಶವಾಣಿಯಲ್ಲೂ ಒಂದು ನಿಮಿಷ ಇಲ್ಲ. ಸರ್ಕಾರಿ ಮೈಕೇ ಹೀಗಿರೋವಾಗ ಖಾಸಗಿಯವರ ಮೇಲೆ ಯಾವ ಬಾಯಲ್ಲಿ ಹೇಳೋದು.

ಕೊಪ್ಪದವ, ಈಗ ಸ್ಯಾನ್‌ಹೋಸೆ

ತುಂಗಾತೀರದವ್ರೇ ನೀವು ಹೇಳಿದ ಕಥೆ ಇಲ್ಲಿ ಅಮೆರಿಕಾದಲ್ಲಿ ಹೆಚ್ಚು ಕಮ್ಮಿ ಹಂಗೇ ನಡ್ದಿದೆ ಗೊತ್ತಾ. 2008 ಜನವರಿ, ನೆವಾಡಾದಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಗಿನ ಆಯ್ಕೆ ಚುನಾವಣೆ, ಎಂಎಸ್‌ಎನ್‌ಬಿಸಿ ಚಾನೆಲ್ ಲಾಸ್ ವೇಗಸ್‌ನಲ್ಲಿ ಡಿಬೇಟ್ ಇಟ್ಟಿತ್ತು. ಡೆನಿಸ್ ಕುಸಿನಿಚ್ ಅಂತ ಒಬ್ಬ ಸಂಸದ, ಯುದ್ಧ ವಿರೋಧಿ, ಚಾನೆಲ್‌ನವರ ಮೊದಲ ನಿಯಮದ ಪ್ರಕಾರ ಅವನಿಗೂ ಸೀಟು ಬರ್ತಿತ್ತು, ಕರೆದ್ರು ಕೂಡ. ಆಮೇಲೆ ಸಮೀಕ್ಷೆಯಲ್ಲಿ ಮೊದಲ ಮೂವರು ಮಾತ್ರ ಅಂತ ನಿಯಮಾನೇ ತಿರುಗಿಸಿ ಕರೆ ವಾಪಸ್ ತಗೊಂಡ್ರು. ಮೂವರು ಅಂದ್ರೆ ಒಬಾಮ, ಹಿಲರಿ, ಎಡ್ವರ್ಡ್ಸ್.

ಇವನು ಕೋರ್ಟಿಗೆ ಹೋದ. ಹಿಂದಿನ ದಿನ ಕೆಳಗಿನ ಜಡ್ಜು "ಇವನನ್ನೂ ಕೂರಿಸಿ, ಇಲ್ಲಾಂದ್ರೆ ಡಿಬೇಟೇ ಬೇಡ" ಅಂದ್ರು. ಚಾನೆಲ್‌ನವರು ಓಡಿ ನೆವಾಡಾ ಸುಪ್ರೀಂ ಕೋರ್ಟಿಗೆ ಹೋದ್ರು, ಡಿಬೇಟ್ ಶುರುವಾಗೋಕೆ ಸ್ವಲ್ಪ ಮುಂಚೆ ಆ ಆದೇಶ ರದ್ದಾಯ್ತು. ಚಾನೆಲ್‌ನವರ ಮುಖ್ಯ ವಾದ ಎರಡು. ಅಮೆರಿಕಾದಲ್ಲಿ ಒಬ್ಬ ಅಭ್ಯರ್ಥಿಗೆ ಕೊಟ್ರೆ ಉಳಿದವ್ರಿಗೂ ಸಮಾನ ಸಮಯ ಅಂತ 1934ರ ಕಾಯ್ದೆ ಒಂದಿದೆ, ಅದು ಆಂಟೆನಾದಲ್ಲಿ ಬರೋ ಪ್ರಸಾರಕ್ಕೆ, ಇದು ಕೇಬಲ್ ಚಾನೆಲ್. ಎರಡನೇದು ಖಾಸಗಿ ಮಾಧ್ಯಮಕ್ಕೆ ನೀನು ಇಂಥವನನ್ನ ತೋರಿಸು ಅಂತ ಕೋರ್ಟ್ ಹೇಳಿದ್ರೆ ಅದೇ ವಾಕ್ ಸ್ವಾತಂತ್ರ್ಯಕ್ಕೆ ಕತ್ರಿ. ಡಿಬೇಟ್ ಮೂವರದ್ದೇ ನಡೀತು.

ಅಡಿಕೆ ಮರ

ಅಲ್ಲಾ ಮಾರಾಯ ಕರ್ದು ಆಮೇಲೆ ಬೇಡ ಅನ್ನೋದು ಮರ್ಯಾದೆನಾ. ಕರೀದೇ ಇರೋದು ಬೇರೆ ಮಾತು.

ರಿಪ್ಪನ್‌ಪೇಟೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನಗೆ ಅಮೆರಿಕಾದ ವಿಚಾರ ಅಷ್ಟು ತಿಳಿಯದು, ಆದರೆ ನಮ್ಮ ಜಿಲ್ಲೆಯ ಚರಿತ್ರೆ ನೋಡಿ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರದ ಕಡೆಯಿಂದ ಗೆದ್ದಾಗ ಅವರ ಹಿಂದೆ ಇದ್ದದ್ದು ಕಾಗೋಡು ಸತ್ಯಾಗ್ರಹದ ಗೇಣಿದಾರರು ಅಷ್ಟೇ. ಎದುರಿಗೆ ಕಾಂಗ್ರೆಸ್ಸು. ಅಂದಿನ "ಮುಖ್ಯ ಅಭ್ಯರ್ಥಿ" ಯಾರು ಎಂದು ಒಬ್ಬ ಸಂಪಾದಕ ಬೆಂಗಳೂರಿನಲ್ಲಿ ಕುಳಿತು ಪಟ್ಟಿ ಮಾಡಿದ್ದರೆ ಅವರ ಹೆಸರು ಬರುತ್ತಿತ್ತೇ?

ಪೇಪರ್‌ಟೌನ್ ಹುಡ್ಗ

ಮೇಷ್ಟ್ರೇ ಅವ್ರು ಟಿವಿ ಇಲ್ದೇನೇ ಗೆದ್ರಲ್ಲ 😄 ಅದು ನನ್ನ ಪಾಯಿಂಟಿಗೇ ಸಪೋರ್ಟ್ ಆಯ್ತು

ಕೇಬಲ್ ಮಂಜ

ನಾನು ಹಿಂದೆ ಲೋಕಲ್ ಚಾನೆಲ್ ನಡೆಸ್ತಿದ್ದವ, ಈಗ ಅದು ಮುಚ್ಚಿ ಯೂಟ್ಯೂಬಲ್ಲಿ ಸುದ್ದಿ ಹಾಕ್ತೀನಿ, ಮೇಲೆ ಹೇಳಿದ ಕಾರ್ಯಕ್ರಮ ನಂದಲ್ಲ ಆದ್ರೆ ಅಂಥವು ನಾನೂ ಮಾಡಿದೀನಿ ಅದಕ್ಕೆ ಒಳಗಿಂದು ಸ್ವಲ್ಪ ಹೇಳ್ತೀನಿ. ಎಲ್ರೂ ಚಾನೆಲ್‌ನವ್ರ ಹಕ್ಕು ಚಾನೆಲ್‌ನವ್ರ ಹಕ್ಕು ಅಂತೀರಲ್ಲ, ಆ ಹಕ್ಕು ನಮ್ಮ ಕೈಯಲ್ಲಿ ಇದ್ದಿದ್ರೆ ನಾನೇ ಬೇರೆ ಥರ ಮಾಡ್ತಿದ್ದೆ. ನಡಿಯೋದು ಹಿಂಗೆ. ಮೊದ್ಲು ನಾವು ಎಲ್ರಿಗೂ ಫೋನ್ ಮಾಡ್ತೀವಿ. ಚಿಕ್ಕ ಅಭ್ಯರ್ಥಿಗಳು ಮೊದಲ ರಿಂಗಿಗೇ ಬರ್ತೀನಿ ಅಂತಾರೆ. ದೊಡ್ಡೋರ ಫೋನ್ ಪಿಎ ಎತ್ತೋದು, ಅವ್ನು ಕೇಳೋ ಮೊದಲನೇ ಮಾತೇ "ಇನ್ಯಾರ್ಯಾರು ಬರ್ತಾರೆ?" ಲಿಸ್ಟ್ ಹೇಳಿದ್ವಿ ಅಂದ್ರೆ ಅರ್ಧ ಗಂಟೆ ಬಿಟ್ಟು ವಾಪಸ್ ಫೋನ್, "ಸಾಹೇಬ್ರು ಹೇಳಿದ್ರು, ಅವ್ನು ಬಂದ್ರೆ ನಾವು ಬರಲ್ಲ." ದೊಡ್ಡೋರು ಒಬ್ರು ಬರ್ಲಿಲ್ಲ ಅಂದ್ರೆ ಇನ್ನೊಬ್ಬ ದೊಡ್ಡೋರೂ ಬರಲ್ಲ, ನಾನೊಬ್ನೇ ಯಾಕೆ ಬೈಸ್ಕೊಳ್ಳಿ ಅಂತ. ಇಬ್ರೂ ಬರ್ಲಿಲ್ಲ ಅಂದ್ರೆ ಸ್ಪಾನ್ಸರ್ ಬರಲ್ಲ, ಸ್ಪಾನ್ಸರ್ ಬರ್ಲಿಲ್ಲ ಅಂದ್ರೆ ಹಾಲ್ ಬಾಡಿಗೆ, ಜನರೇಟರ್, ಬಂದ ಜನಕ್ಕೆ ಟೀ, ಎಲ್ಲ ನಮ್ಮ ಕೈಯಿಂದ. ಆಮೇಲೆ ಆ ಪಕ್ಷದ ಜಾಹೀರಾತು ಬರೋದು ನಿಂತು ಹೋಗತ್ತೆ, ಚುನಾವಣೆ ಸೀಸನ್ ಜಾಹೀರಾತಲ್ಲೇ ನಮ್ಮ ವರ್ಷದ ದೊಡ್ಡ ಪಾಲು ಬರೋದು. ಆದ್ರಿಂದ ರಾತ್ರಿ ಹತ್ತು ಗಂಟೆಗೆ ಚಿಕ್ಕವ್ರಿಗೆ ಫೋನ್ ಮಾಡಿ ಟೈಮ್ ಸಾಲಲ್ಲ ಅನ್ನೋದು.

ಟೈಮ್ ಸಾಲಲ್ಲ ಅನ್ನೋದು ಪೂರ್ತಿ ಸುಳ್ಳೂ ಅಲ್ಲ ಮತ್ತೆ. ನಂದು ಎಂಟು ಲೈನಿನ ಮಿಕ್ಸರ್, ಅದ್ರಲ್ಲಿ ಎರಡು ಲೈನ್ ಕೆಟ್ಟಿದ್ದು, ಪ್ರತಿ ಲೈನ್ ಕೆಳಗೆ ಬಿಳಿ ಟೇಪ್ ಅಂಟಿಸಿ ಪೆನ್ನಲ್ಲಿ ಹೆಸ್ರು ಬರಿಯೋದು, ನಿರೂಪಕಂದು ಒಂದು, ಜನರ ಕೈ ಮೈಕ್ ಒಂದು, ಉಳಿದಿದ್ದು ನಾಲ್ಕು. ಕಾಲರ್ ಮೈಕ್ ಬ್ಯಾಟರಿ ನಮ್ಮ ಕರೆಂಟ್ ಥರಾನೇ, ಯಾವಾಗ ಹೋಗತ್ತೆ ಗೊತ್ತಿಲ್ಲ. ಒಂಬತ್ತು ಜನ ಕೂತು ಒಬ್ಬೊಬ್ರು ಐದು ನಿಮಿಷ ಅಂದ್ರೆ ಮೊದಲನೇ ಸುತ್ತಿಗೇ ಮುಕ್ಕಾಲು ಗಂಟೆ, ಅಷ್ಟೊತ್ತಿಗೆ ನೋಡೋರು ಧಾರಾವಾಹಿಗೆ ಹೋಗಿರ್ತಾರೆ.

ಪೇಪರ್‌ಟೌನ್, ನಿಮ್ಮ ಮದ್ವೆ ಕಾಗ್ದದ ಲೆಕ್ಕ ಸರಿನೇ, ಆದ್ರೆ ಇಲ್ಲಿ ಕಾಗ್ದ ಯಾರಿಗೆ ಕೊಡ್ಬೇಕು ಅಂತ ಮನೆಯವ್ರನ್ನ ಬಿಟ್ಟು ಮೊದಲನೇ ಸಾಲಲ್ಲಿ ಕೂರೋ ನೆಂಟರು ಹೇಳ್ತಿದಾರೆ.

ತುಂಗಾತೀರದವ

ಮಂಜಣ್ಣ ಇದು ನನಗೆ ಹೊಳ್ದೇ ಇರ್ಲಿಲ್ಲ. ಹಂಗಾರೆ ಚಾನೆಲ್‌ನವ್ರ ಸ್ವಾತಂತ್ರ್ಯ ಅಂತ ಕೋರ್ಟ್ ಕಾಪಾಡೋದು ಕೊನೆಗೆ ದೊಡ್ಡ ಅಭ್ಯರ್ಥಿಯ ಹಠಾನ?

ಕೊಪ್ಪದವ, ಈಗ ಸ್ಯಾನ್‌ಹೋಸೆ

ಮಂಜಣ್ಣ ಹೇಳಿದ್ದು ಲೋಕಲ್ ಕಥೆ ಅಲ್ಲ, ಇದೇ ಇಡೀ ಡಿಬೇಟ್ ಇತಿಹಾಸ. ಸ್ವಲ್ಪ ಉದ್ದ ಆಗತ್ತೆ ಕ್ಷಮಿಸಿ.

1976ರಿಂದ 84ರವರೆಗೆ ಅಮೆರಿಕಾದಲ್ಲಿ ಅಧ್ಯಕ್ಷೀಯ ಡಿಬೇಟ್ ನಡೆಸ್ತಿದ್ದವ್ರು ಲೀಗ್ ಆಫ್ ವಿಮೆನ್ ವೋಟರ್ಸ್ ಅಂತ ಮಹಿಳೆಯರ ಸಂಸ್ಥೆ. 1980ರಲ್ಲಿ ಜಾನ್ ಆಂಡರ್ಸನ್ ಅಂತ ಪಕ್ಷೇತರ ಅಭ್ಯರ್ಥಿ, ಸಮೀಕ್ಷೆಯಲ್ಲಿ ಶೇ 15 ದಾಟಿದ ಅಂತ ಇವ್ರು ಕರೆದ್ರು. ಹಾಲಿ ಅಧ್ಯಕ್ಷ ಕಾರ್ಟರ್ "ಅವ್ನು ಬಂದ್ರೆ ನಾನು ಬರಲ್ಲ" ಅಂದ್ರು, ಅದೇ ಪಿಎ ಡೈಲಾಗು. ಲೀಗ್‌ನವ್ರು ಬಗ್ಲಿಲ್ಲ. ರೇಗನ್, ಆಂಡರ್ಸನ್ ಇಬ್ರೇ ಬಾಲ್ಟಿಮೋರ್‌ನಲ್ಲಿ ಡಿಬೇಟ್ ಮಾಡಿದ್ರು. ಆಮೇಲೆ ಆಂಡರ್ಸನ್ ಶೇ 15ಕ್ಕಿಂತ ಕೆಳಗೆ ಇಳಿದ, ಆಗ ಅದೇ ನಿಯಮದಲ್ಲಿ ಅವನನ್ನ ಬಿಟ್ಟು ಕಾರ್ಟರ್-ರೇಗನ್ ಡಿಬೇಟ್ ಆಯ್ತು. ನಿಯಮ ಎರಡೂ ಕಡೆ ಕಡೀತು ನೋಡಿ, ಅದಕ್ಕೇ ನನಗೆ ಇದು ಇಷ್ಟ.

ಪಕ್ಷಗಳಿಗೆ ಇದು ಸಹಿಸ್ಲಿಲ್ಲ ಕಾಣತ್ತೆ. 1987ರಲ್ಲಿ ಎರಡೂ ಪಕ್ಷದ ಅಧ್ಯಕ್ಷರು ಸೇರಿ ತಮ್ಮದೇ ಒಂದು ಡಿಬೇಟ್ ಆಯೋಗ ಮಾಡ್ಕೊಂಡ್ರು. 1988ರಲ್ಲಿ ಯಾರು ಪ್ರಶ್ನೆ ಕೇಳ್ಬೇಕು, ಪ್ರೇಕ್ಷಕರು ಯಾರಿರ್ಬೇಕು ಅಂತ ಎರಡೂ ಕಡೆ ಒಳಗೇ ಒಪ್ಪಂದ ಮಾಡ್ಕೊಂಡು ಬಂದು ಲೀಗ್ ಮುಂದೆ ಇಟ್ರು. ಲೀಗ್‌ನವ್ರು ಇದು ಮತದಾರರಿಗೆ ಮಾಡೋ ಮೋಸ ಅಂತ ಹೇಳಿ ಕೈ ತೊಳ್ಕೊಂಡ್ರು. ಆಮೇಲೆ ಆಯೋಗದ್ದೇ ರಾಜ್ಯಭಾರ. 1992ರಲ್ಲಿ ರಾಸ್ ಪೆರೋನ ಸೇರಿಸಿದ್ರು, ಅವನಿಗೆ ಡಿಬೇಟ್‌ಗೆ ಮುಂಚೆ ಸಮೀಕ್ಷೆಯಲ್ಲಿ ಶೇ 10 ಕೂಡ ಇರ್ಲಿಲ್ಲ, ಕೊನೆಗೆ ಬಂದ ಮತ ಶೇ 18.9. 1996ರಲ್ಲಿ ಅದೇ ಪೆರೋಗೆ ಗೆಲ್ಲೋ ಸಾಧ್ಯತೆ ಇಲ್ಲ ಅಂತ ಹೊರಗಿಟ್ರು. 2000ದಿಂದ ಶೇ 15 ಅಂತ ಬರೆದಿಟ್ರು, ಆಮೇಲೆ ಮೂರನೆಯವನು ಆ ಸ್ಟೇಜ್ ಹತ್ತಿಲ್ಲ.

2024ರಲ್ಲಿ ಆಯೋಗಾನೂ ಪಕ್ಕಕ್ಕೆ ತಳ್ಳಿ ಬೈಡನ್, ಟ್ರಂಪ್ ನೇರ ಸಿಎನ್‌ಎನ್ ಜೊತೆ ಮಾತಾಡ್ಕೊಂಡ್ರು. ಜೂನ್ 27ರ ಡಿಬೇಟ್. ನಾಲ್ಕು ಸಮೀಕ್ಷೆಲಿ ಶೇ 15 ಬೇಕು, ಗೆಲ್ಲೋಕೆ ಬೇಕಾದ 270 ಎಲೆಕ್ಟೋರಲ್ ಮತ ಬರೋವಷ್ಟು ರಾಜ್ಯಗಳಲ್ಲಿ ಹೆಸ್ರು ಇರ್ಬೇಕು. ರಾಬರ್ಟ್ ಕೆನಡಿ ಜೂನಿಯರ್ ಹೊರಗೆ ಉಳಿದ್ರು, ಚುನಾವಣಾ ಆಯೋಗಕ್ಕೆ ದೂರು ಕೊಟ್ರು, ಡಿಬೇಟ್ ಮಾತ್ರ ಇಬ್ಬರದ್ದೇ ಆಯ್ತು.

ಪೇಪರ್‌ಟೌನ್ ಹುಡ್ಗ

ಸರಿ ಆದ್ರೆ ಎಲ್ರನ್ನೂ ಕರೀರಿ ಅಂದ್ರೆ ಏನಾಗತ್ತೆ? ಶಿವಮೊಗ್ಗ ಲೋಕಸಭೆಗೆ 2024ರಲ್ಲಿ ನಿಂತಿದ್ದವ್ರು ಇಪ್ಪತ್ತರ ಮೇಲೆ. ಒಂದು ಬ್ಯಾಲೆಟ್ ಯೂನಿಟ್‌ಗೆ ನೋಟಾ ಸೇರಿ 16 ಹೆಸ್ರು ಹಿಡಿಯೋದು, ಎರಡೆರಡು ಯೂನಿಟ್ ಇಟ್ಟಿದ್ರು ಬೂತಲ್ಲಿ. ಮಂಜಣ್ಣನ ಮಿಕ್ಸರ್ ಸುಟ್ಟು ಹೋಗತ್ತೆ ಅಷ್ಟೇ

ಸಾಗರದ ವಕೀಲ

ಇದು ಹಾಸ್ಯ ಅಲ್ಲ, ಅಮೆರಿಕಾ ಸುಪ್ರೀಂ ಕೋರ್ಟ್ 1998ರಲ್ಲಿ ಇದೇ ಮಾತು ಹೇಳಿದೆ. ಅರ್ಕಾನ್ಸಾ ರಾಜ್ಯದ ಸರ್ಕಾರಿ ಟಿವಿ, ಖಾಸಗಿ ಅಲ್ಲ ಗಮನಿಸಿ, 1992ರಲ್ಲಿ ರಾಲ್ಫ್ ಫೋರ್ಬ್ಸ್ ಅನ್ನೋ ಪಕ್ಷೇತರನ್ನ ಡಿಬೇಟ್‌ನಿಂದ ಬಿಟ್ಟಿತ್ತು. 6-3ರಲ್ಲಿ ತೀರ್ಪು, ಅಭಿಪ್ರಾಯ ನೋಡಿ ಬಿಟ್ರೆ ತಪ್ಪು, ಜನಬೆಂಬಲ ಇಲ್ಲ ಅಂತ ಬಿಟ್ರೆ ತಪ್ಪಲ್ಲ ಅಂತ. ಎಲ್ಲರನ್ನೂ ಸೇರಿಸ್ಲೇಬೇಕು ಅಂದ್ರೆ ಟಿವಿಯವರು ಡಿಬೇಟ್ ಮಾಡೋದನ್ನೇ ಬಿಡ್ತಾರೆ ಅಂತ ಬರೆದಿದಾರೆ. ಊಹೆ ಅಲ್ಲ, ಕೆಳಗಿನ ಕೋರ್ಟ್ ಫೋರ್ಬ್ಸ್ ಪರ ಹೇಳಿದ ಮೇಲೆ ನೆಬ್ರಾಸ್ಕಾದ ಸರ್ಕಾರಿ ಟಿವಿ 1996ರ ಸೆನೆಟ್ ಡಿಬೇಟನ್ನೇ ರದ್ದು ಮಾಡಿತ್ತು.

ಹೊಸನಗರ ಸುಮಾ

ಜನಬೆಂಬಲ ಅಳೆಯೋದು ಯಾರು ವಕೀಲ್ರೇ? ಅಮೆರಿಕಾದಲ್ಲಿ ವಾರಕ್ಕೊಂದು ಸಮೀಕ್ಷೆ ಬರತ್ತೆ, ಹೊಸನಗರದಲ್ಲಿ ಯಾರು ಮಾಡ್ತಾರೆ, ಬಸ್ ಸ್ಟ್ಯಾಂಡ್ ಕ್ಯಾಂಟೀನಲ್ಲಿ ಕೂತು ಹೇಳೋ ಮಾತೇ ಸಮೀಕ್ಷೆ. ಕ್ಯಾಂಟೀನಲ್ಲಿ ಕೂರೋರು ಗಂಡಸ್ರು. ನಾನು ಪಂಚಾಯ್ತಿ ಚುನಾವಣೆಗೆ ನಿಂತಾಗ ನನ್ನ ಹೆಸ್ರೇ ಆ ಮಾತಲ್ಲಿ ಬರ್ತಿರ್ಲಿಲ್ಲ, "ಅವ್ರ ಯಜಮಾನ್ರು ನಿಂತಿದಾರೆ" ಅಂತಿದ್ರು. ಗೆದ್ದೆ ಅದು ಬೇರೆ ವಿಷಯ.

ಗ್ರಾಮ ಪಂಚಾಯ್ತಿಗೆ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆನೇ ಇಲ್ಲ. ಅಲ್ಲಿ ಮುಖ್ಯ ಅಭ್ಯರ್ಥಿ ಅಂತ ಹೆಂಗೆ ಹೇಳ್ತೀರ?

ಅಡಿಕೆ ಮರ

ಸುಮಕ್ಕ ಸರಿಯಾಗಿ ಹೇಳಿದ್ರಿ.

ಆದ್ರೆ ಎಲ್ರನ್ನೂ ಕರೀರಿ ಅನ್ನೋರಿಗೆ ಒಂದು ವಿಷಯ. ಡಮ್ಮಿ ಕ್ಯಾಂಡಿಡೇಟ್ ಗೊತ್ತಲ್ಲ, ಎದುರಾಳಿ ಹೆಸರಿನವ್ನೇ ಒಬ್ಬನನ್ನ ಹುಡುಕಿ ಹತ್ತು ಸಾವಿರ ಠೇವಣಿ ಇವ್ರೇ ಕಟ್ಟಿ ನಿಲ್ಸೋದು. ಎಲ್ರಿಗೂ ಮೈಕ್ ಅಂದ ತಕ್ಷಣ ಇಂಥವ್ರು ನಾಲ್ಕು ಜನ ಹೆಚ್ಚಾಗ್ತಾರೆ, ಒಬ್ಬೊಬ್ರೂ ಐದೈದು ನಿಮಿಷ ಎದುರಾಳಿಗೆ ಬೈದು ಹೋಗ್ತಾರೆ, ಅವ್ರ ಯಜಮಾನ್ರು ಪಕ್ಕದಲ್ಲಿ ಸಜ್ಜನರಾಗಿ ಕೂತಿರ್ತಾರೆ.

ರಿಪ್ಪನ್‌ಪೇಟೆ ಮೇಷ್ಟ್ರು

ಹಾಗಾದರೆ ಪಕ್ಷದ ಮಾನ್ಯತೆ ನೋಡಿ ಕರೆಯುವುದೇ ಸುಲಭವಲ್ಲವೇ? ಚುನಾವಣಾ ಆಯೋಗವೇ ಮಾನ್ಯತೆ ಕೊಟ್ಟಿರುತ್ತದೆ, ಯಾರೂ ತಕರಾರು ತೆಗೆಯುವಂತಿಲ್ಲ.

ತುಂಗಾತೀರದವ

ಮೇಷ್ಟ್ರೇ ಶಿಕಾರಿಪುರ 2023 ನೆನಪು ಮಾಡ್ಕೊಳ್ಳಿ. ವಿಜಯೇಂದ್ರ ಗೆದ್ರು, ಅಂತರ ಸುಮಾರು 11 ಸಾವಿರ. ಎರಡನೇ ಸ್ಥಾನ ಯಾರದ್ದು? ಕಾಂಗ್ರೆಸ್ ಟಿಕೆಟ್ ಸಿಗದೇ ಪಕ್ಷೇತರ ನಿಂತ ನಾಗರಾಜಗೌಡ್ರದ್ದು, 70 ಸಾವಿರದ ಮೇಲೆ ಮತ ತಗೊಂಡ್ರು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಹೋದ್ರು. ನಿಮ್ಮ ನಿಯಮದಲ್ಲಿ ಶಿಕಾರಿಪುರದಲ್ಲಿ ಡಿಬೇಟ್ ಇಟ್ಟಿದ್ರೆ ನಿಜವಾದ ಎದುರಾಳಿನೇ ಆಚೆ ನಿಂತಿರ್ತಿದ್ರು.

ಪೇಪರ್‌ಟೌನ್ ಹುಡ್ಗ

ಅದೇ ಉಲ್ಟಾ ನೋಡಿ. ಮರು ವರ್ಷ ಲೋಕಸಭೆಲಿ ಈಶ್ವರಪ್ಪನವ್ರು ಪಕ್ಷೇತರ ನಿಂತಾಗ ರಾಘವೇಂದ್ರ, ಗೀತಾ ಶಿವರಾಜ್‌ಕುಮಾರ್ ಇಬ್ರಿಗಿಂತ ಜಾಸ್ತಿ ಸುದ್ದಿ ಆಗಿದ್ದು ಅವ್ರೇ, ಯಾವ ಚಾನೆಲ್ ಹಾಕಿದ್ರೂ ತ್ರಿಕೋನ ಸ್ಪರ್ಧೆ ತ್ರಿಕೋನ ಸ್ಪರ್ಧೆ. ಎಣಿಕೆ ದಿನ ನೋಡಿದ್ರೆ ಮೂವತ್ತು ಸಾವಿರದ ಹತ್ತಿರ ಮತ, ಠೇವಣಿ ಹೋಯ್ತು. ಹೆಸ್ರು ನೋಡಿ ಕರೆದ್ರೂ ಕೆಡತ್ತೆ ಪಕ್ಷ ನೋಡಿ ಕರೆದ್ರೂ ಕೆಡತ್ತೆ

ನಿರ್ವಾಹಕ

ಫಲಿತಾಂಶದ ಅಂಕಿ ಉದಾಹರಣೆಗೆ ಓಕೆ. ಅದನ್ನ ಹಿಡ್ಕೊಂಡು ಪಕ್ಷದ ಜಗಳ ಶುರು ಮಾಡಿದ ಎರಡು ಕಾಮೆಂಟ್ ತೆಗ್ದಿದೀನಿ. ಇಲ್ಲಿ ಡಿಬೇಟ್ ಬಗ್ಗೆ ಮಾತ್ರ.

ಕೊಪ್ಪದವ, ಈಗ ಸ್ಯಾನ್‌ಹೋಸೆ

ಪೇಪರ್‌ಟೌನ್ ಹೇಳಿದ್ದು ಸತ್ಯ, ಮೊದಲೇ ಅಳೆಯೋಕಾಗಲ್ಲ. 1998ರಲ್ಲಿ ಅಮೆರಿಕಾದ ಮಿನೆಸೋಟಾ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಥರ) ಚುನಾವಣೆಗೆ ಜೆಸ್ಸಿ ವೆಂಚುರಾ ಅಂತ ಹಳೇ ಕುಸ್ತಿಪಟು ನಿಂತ, ಎಲ್ರೂ ನಕ್ಕಿದ್ರು. ಅಲ್ಲಿ ಡಿಬೇಟ್ ನಡೆಸಿದವ್ರು ಅವನನ್ನೂ ಕೂರಿಸಿದ್ರು. ಎರಡು ದೊಡ್ಡ ಪಕ್ಷದವ್ರು ಒಬ್ರಿಗೊಬ್ರು ಬೈಕೊಳ್ತಾ ಇದ್ದಾಗ ಇವನು ನೆಟ್ಟಗೆ ಉತ್ತರ ಕೊಟ್ಟ, ಶೇ 37 ಮತ ತಗೊಂಡು ಗೆದ್ದ. ಶೇ 15ರ ಬಾಗಿಲು ಇಟ್ಟಿದ್ರೆ ಸೆಪ್ಟೆಂಬರ್‌ನಲ್ಲಿ ಅವನು ಒಳಗೆ ಬರ್ತಾನೇ ಇರ್ಲಿಲ್ಲ. ಡಿಬೇಟ್ ಅಂದ್ರೆ ಬೆಂಬಲ ತೋರಿಸೋ ಜಾಗ ಅಷ್ಟೇ ಅಲ್ಲ, ಬೆಂಬಲ ಹುಟ್ಟೋ ಜಾಗಾನೂ ಹೌದು.

ಕೇಬಲ್ ಮಂಜ

ಅದೆಲ್ಲ ಸರಿ, ನನಗೆ ಬೇಕಾಗಿದ್ದು ಪಿಎ ಫೋನ್‌ಗೆ ಉತ್ತರ. "ಅವ್ನು ಬಂದ್ರೆ ನಾವು ಬರಲ್ಲ" ಅಂದಾಗ ನಾನು ಎಂತ ಹೇಳ್ಬೇಕು?

ಕೊಪ್ಪದವ, ಈಗ ಸ್ಯಾನ್‌ಹೋಸೆ

ಖಾಲಿ ಕುರ್ಚಿ ಇಡಿ ಅಣ್ಣ. 2019 ನವೆಂಬರ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಹವಾಮಾನದ ಮೇಲೆ ಡಿಬೇಟ್ ಇಟ್ಟಿತ್ತು, ಪ್ರಧಾನಿ ಬೋರಿಸ್ ಜಾನ್ಸನ್ ಬರ್ಲಿಲ್ಲ. ಅವ್ರ ಜಾಗದಲ್ಲಿ ಕರಗ್ತಾ ಇರೋ ಐಸ್ ಗೋಳ ಇಟ್ರು. ಅವ್ರ ಪಕ್ಷ ದೂರು ಕೊಡ್ತು, ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ತಪ್ಪೇನಿಲ್ಲ ಅಂತು. ಅದೇ ತಿಂಗಳು ಐಟಿವಿ ಚಾನೆಲ್ ಜಾನ್ಸನ್, ಕಾರ್ಬಿನ್ ಇಬ್ರನ್ನೇ ಕರೆದಿದ್ದಕ್ಕೆ ಲಿಬರಲ್ ಡೆಮಾಕ್ರಾಟ್, ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಹೈಕೋರ್ಟಿಗೆ ಹೋಗಿದ್ರು, ಅಲ್ಲೂ ಸೋತ್ರು. ಅಂದ್ರೆ ಕರೀದೇ ಇರೋ ಹಕ್ಕೂ ಚಾನೆಲ್‌ಗೇ, ಬರದೇ ಇದ್ದವರ ಖಾಲಿ ಜಾಗ ತೋರ್ಸೋ ಹಕ್ಕೂ ಚಾನೆಲ್‌ಗೇ. ನೀವು ಎರಡನೇದನ್ನ ಬಳಸ್ತಾನೇ ಇಲ್ಲ.

ಕೇಬಲ್ ಮಂಜ

ಲಂಡನ್ನಲ್ಲಿ ಐಸ್ ಇಡಬಹುದು ಮಾರಾಯ. ನಾನಿಲ್ಲಿ ಖಾಲಿ ಕುರ್ಚಿ ಇಟ್ರೆ ಮರುದಿನ ನಮ್ಮ ಕೇಬಲ್ ಕಂಬದಿಂದ ಕೆಳಗೆ ಇರತ್ತೆ.

ಹೊಸನಗರ ಸುಮಾ

ದೆಹಲಿಲೂ ಅದೇ ಅಲ್ವಾ. 2024 ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ, ಪತ್ರಕರ್ತ ಎನ್. ರಾಮ್ ಮೂವರೂ ಮೋದಿ, ರಾಹುಲ್ ಗಾಂಧಿ ಇಬ್ಬರಿಗೂ ಪತ್ರ ಬರೆದು ಬಹಿರಂಗ ಚರ್ಚೆಗೆ ಬನ್ನಿ ಅಂದ್ರು. ರಾಹುಲ್ ಒಪ್ಪಿದ್ರು, ಬಿಜೆಪಿ ತನ್ನ ಯುವ ಮೋರ್ಚಾ ನಾಯಕರೊಬ್ಬರ ಹೆಸ್ರು ಕೊಡ್ತು, ಚರ್ಚೆ ನಡೀಲಿಲ್ಲ. ಯಾವ ಚಾನೆಲ್ಲೂ ಖಾಲಿ ಕುರ್ಚಿ ಇಡ್ಲಿಲ್ಲ.

ಸಾಗರದ ವಕೀಲ

ಮಂಜಣ್ಣ, ನಿಮಗೆ ಪಿಎ ಮುಂದೆ ಹೇಳೋಕೆ ಒಂದು ಕಾನೂನಿನ ಮಾತು ಕೊಡ್ತೀನಿ. ವಿಧಾನಸಭಾ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ. ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಸಮಿತಿ ಇರತ್ತೆ, ಎಂಸಿಎಂಸಿ ಅಂತಾರಲ್ಲ ಅದು. ಸುದ್ದಿ ಹೆಸರಲ್ಲಿ ಬಂದಿದ್ದು ದುಡ್ಡು ಕೊಟ್ಟ ಪ್ರಚಾರ ಅಂತ ಅವರಿಗೆ ಕಂಡ್ರೆ ಆ ಮೊತ್ತ ಅಭ್ಯರ್ಥಿ ಖರ್ಚಿಗೆ ಸೇರಿಸೋಕೆ ನೋಟಿಸ್ ಹೋಗತ್ತೆ. ಈಗ ನೋಡಿ, ಒಬ್ಬ ಅಭ್ಯರ್ಥಿಯ ಜಾಹೀರಾತು ನಿಮ್ಮಲ್ಲಿ ಓಡ್ತಿದೆ, ಅದೇ ಅಭ್ಯರ್ಥಿ ಹೇಳಿದ ಹಾಗೆ ನೀವು ಎದುರಾಳಿನ ಚರ್ಚೆಯಿಂದ ತೆಗೀತೀರ. ಆ ಎರಡು ಗಂಟೆ ಚರ್ಚೆನಾ ಪ್ರಚಾರನಾ ಅಂತ ಯಾರಾದ್ರೂ ದೂರು ಕೊಟ್ರೆ ನೀವು ತೋರ್ಸೋಕೆ ಒಂದು ಕಾಗದ ಬೇಕು, ಯಾವ ನಿಯಮದ ಮೇಲೆ ಕರೆದ್ರಿ ಅಂತ. ಕಾಗದ ಇದ್ರೆ ನೀವು ಸಂಪಾದಕ. ಇಲ್ಲಾಂದ್ರೆ ಅವರ ಪ್ರಚಾರ ಗುತ್ತಿಗೆದಾರ ಅಂತ ಅನುಮಾನ ಬರತ್ತೆ, ಬಂದ್ರೆ ತಪ್ಪಿಲ್ಲ.

ಇನ್ನೊಂದು, ಮತದಾನ ಮುಗಿಯೋಕೆ ಹಿಂದಿನ 48 ಗಂಟೆ ಟಿವಿಯಲ್ಲಿ ಚುನಾವಣಾ ವಿಷಯ ಪ್ರದರ್ಶಿಸೋ ಹಾಗಿಲ್ಲ, ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಂ. ಕೊನೇ ಗಳಿಗೆಗೆ ಇಟ್ಕೊಂಡ್ರೆ ಚರ್ಚೆನೇ ಹಾಕೋಕಾಗಲ್ಲ.

ಪೇಪರ್‌ಟೌನ್ ಹುಡ್ಗ

ವಕೀಲ್ರೇ ಮೊದ್ಲು ಹಕ್ಕೇ ಇಲ್ಲ ಅಂದ್ರಿ, ಈಗ ಹಿಂಬಾಗಿಲಿಂದ ತರ್ತಿದೀರ

ಸಾಗರದ ವಕೀಲ

ಅಭ್ಯರ್ಥಿಗೆ ಕೂರೋ ಹಕ್ಕಿಲ್ಲ, ಈಗಲೂ ಅದೇ ಮಾತು. ಮುಂದೆ ಏನಾಗತ್ತೋ ನೋಡ್ಬೇಕು, 2023 ಜನವರಿಯಲ್ಲಿ ಕೌಶಲ್ ಕಿಶೋರ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 4-1ರಲ್ಲಿ 19 ಮತ್ತು 21ನೇ ವಿಧಿಯ (ವಾಕ್ ಸ್ವಾತಂತ್ರ್ಯ, ಜೀವಿಸೋ ಹಕ್ಕು) ಹಕ್ಕನ್ನ ಖಾಸಗಿಯವರ ವಿರುದ್ಧವೂ ಕೇಳಬಹುದು ಅಂತ ಹೇಳಿದೆ. ಅದನ್ನ ಒಪ್ಪದೇ ಬೇರೆ ತೀರ್ಪು ಬರೆದದ್ದು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ. ನನ್ನ ವೈಯಕ್ತಿಕ ಅಭಿಪ್ರಾಯ ಕೇಳಿದ್ರೆ ಕೋರ್ಟು ಚಾನೆಲ್‌ನ ಅತಿಥಿ ಪಟ್ಟಿಗೆ ಕೈ ಹಾಕೋದು ಬೇಡ. ಇವತ್ತು ಚಿಕ್ಕ ಅಭ್ಯರ್ಥಿಗೆ ಸೀಟ್ ಕೊಡಿಸೋ ಕೋರ್ಟ್ ಆದೇಶ, ನಾಳೆ ಮಂಜಣ್ಣನ ಯೂಟ್ಯೂಬಲ್ಲಿ ಮಂತ್ರಿಗೂ ಸೀಟ್ ಕೊಡಿ ಅಂತ ಬರತ್ತೆ. ಚಾನೆಲ್‌ನವರ ಹಕ್ಕು ಇರಲಿ, ಆದ್ರೆ ನಿಯಮ ಮೊದಲೇ ಹೇಳಿ, ಕರೆದ ಮೇಲೆ ಬದಲಿಸಬೇಡಿ. ನೆವಾಡಾದಲ್ಲಿ ಚಾನೆಲ್ ಗೆದ್ದಿರಬಹುದು, ಮರ್ಯಾದೆ ಕೆಲಸ ಮಾಡ್ಲಿಲ್ಲ ಅವರು.

ಅಡಿಕೆ ಮರ

ನನಗೆ ಅದಕ್ಕಿಂತ ಬೇರೆ ಸಿಟ್ಟು. ಕರೆದ ಮೂವರ ಹತ್ರ ಕೇಳಿದ್ದಾದ್ರೂ ಎಂತ? ನಾನೂ ಒಂದು ಇಂಥ ಕಾರ್ಯಕ್ರಮ ಕೂತು ನೋಡಿದೀನಿ, ಎರಡು ಗಂಟೆಲಿ ಎಲೆಚುಕ್ಕಿ ರೋಗದ ಬಗ್ಗೆ ಒಂದು ಪ್ರಶ್ನೆ ಇಲ್ಲ, ಶರಾವತಿ ಮುಳುಗಡೆಯವ್ರ ಹಕ್ಕುಪತ್ರದ ಬಗ್ಗೆ ಇಲ್ಲ, ಮಂಗನ ಕಾಯಿಲೆ ಬಗ್ಗೆ ಇಲ್ಲ. ಬರೀ ನೀನು ಯಾವಾಗ ಪಕ್ಷ ಬಿಟ್ಟೆ ನಾನು ಯಾವಾಗ ಬಿಟ್ಟೆ. ಮುಳುಗಡೆ ವಿಷಯ ಎತ್ತೋ ಮನುಷ್ಯ ಆ ನಾಲ್ಕನೆಯವ್ನೇ, ಅವ್ನನ್ನ ಕರೀಲಿಲ್ಲ ಅಂದ್ರೆ ಆ ಪ್ರಶ್ನೆನೂ ಕರೀಲಿಲ್ಲ ಅಂತಾನೇ.

ತುಂಗಾತೀರದವ

ಇದು ಇದು. ನಾನು ಮೊದಲ ಪೋಸ್ಟಲ್ಲಿ ಹೇಳ್ಬೇಕಿದ್ದಿದ್ದು ಇದು. ನಮ್ಮವ್ರು ಗೆಲ್ಲಲ್ಲ ಅಂತ ಅವ್ರಿಗೂ ಗೊತ್ತಿತ್ತು. ಗೆಲ್ಲೋರ ಬಾಯಲ್ಲಿ ಬಗರ್‌ಹುಕುಂ ಬಗ್ಗೆ ಜನರ ಮುಂದೆ ಒಂದು ಹೌದು ಅಥವಾ ಇಲ್ಲ ಹೇಳ್ಸಿದ್ರೆ ಸಾಕಿತ್ತು ಅವ್ರಿಗೆ.

ಕೇಬಲ್ ಮಂಜ

ಸರಿ, ಜಿಲ್ಲಾ ಪಂಚಾಯ್ತಿ ಚುನಾವಣೆ ಯಾವತ್ತು ಘೋಷಣೆ ಆಗತ್ತೋ ಆಗ ಹಿಂಗೆ ಮಾಡಿ ನೋಡೋಣ ಅಂತಿದೀನಿ, ತಪ್ಪಿದ್ರೆ ಹೇಳಿ. ನಾಮಪತ್ರ ವಾಪಸ್ ತಗೊಳ್ಳೋ ದಿನಕ್ಕಿಂತ ಮುಂಚೆನೇ ನಿಯಮ ಬರೆದು ಪೇಜಲ್ಲಿ ಹಾಕ್ತೀನಿ, ಆಗ ಯಾರು ಕಣದಲ್ಲಿ ಉಳೀತಾರೆ ಅಂತ ನನಗೂ ಗೊತ್ತಿರಲ್ಲ ಪಿಎಗೂ ಗೊತ್ತಿರಲ್ಲ. ಮೊದಲ ಸುತ್ತು ಎಲ್ರಿಗೂ, ಮೂರು ನಿಮಿಷ, ಒಂದೇ ಪ್ರಶ್ನೆ, ಒಬ್ಬೊಬ್ರನ್ನೇ ರೆಕಾರ್ಡ್ ಮಾಡೋದು, ಆಗ ಮಿಕ್ಸರ್ ಸಮಸ್ಯೆನೂ ಇಲ್ಲ ಡಮ್ಮಿ ಬಂದ್ರೆ ಮೂರು ನಿಮಿಷದಲ್ಲಿ ಜನರಿಗೇ ಗೊತ್ತಾಗತ್ತೆ. ಎರಡನೇ ಸುತ್ತು ಲೈವ್, ನಾಲ್ಕು ಕುರ್ಚಿ. ಮೂರು ಕುರ್ಚಿ ಹಿಂದಿನ ಸಲದ ಮತ ನೋಡಿ ಪಕ್ಷಗಳಿಗೆ. ನಾಲ್ಕನೇದು ಉಳಿದವ್ರಲ್ಲಿ ಚೀಟಿ ಎತ್ತಿ. ಪಿಎ ಫೋನ್ ಬಂದ್ರೆ ಚೀಟಿ ಎತ್ತಿದ್ದು ನಾನಲ್ಲ ಸಾರ್ ಅಂತೀನಿ.

ಹೊಸನಗರ ಸುಮಾ

ಮಂಜಣ್ಣ ಚೀಟಿಗಿಂತ ಮೊದಲ ಸುತ್ತಿನ ವಿಡಿಯೋಗೆ ಜನ ಕಳ್ಸಿದ ಪ್ರಶ್ನೆ ಯಾರಿಗೆ ಜಾಸ್ತಿ ಬರತ್ತೆ ಅಂತ ನೋಡಿ. ಲೈಕ್ ಬೇಡ, ಲೈಕ್ ಬೆಂಗಳೂರಲ್ಲಿ ಕೂತು ಸಾವಿರ ಒತ್ತಿಸ್ತಾರೆ.

ಪೇಪರ್‌ಟೌನ್ ಹುಡ್ಗ

ಪ್ರಶ್ನೆನೂ ಬೆಂಗಳೂರಲ್ಲಿ ಕೂತು ಬರೆಸ್ಬೋದು ಅಕ್ಕ

ಕೇಬಲ್ ಮಂಜ

ಆಯ್ತು ಚೀಟಿನೇ ಇರ್ಲಿ. ಚೀಟಿ ಎತ್ತೋಕೆ ಶಾಲೆ ಮಗು ಕರೀಬೇಡಿ ಅಂತ ಮಾತ್ರ ಹೇಳ್ಬೇಡಿ, ಅದು ಚುನಾವಣೆ ಪ್ರಚಾರಕ್ಕೆ ಮಕ್ಕಳನ್ನ ಬಳಸಿದ ಹಾಗಾಗತ್ತಾ ವಕೀಲ್ರೇ?

ಸಾಗರದ ವಕೀಲ

ಮಗು ಬೇಡ ಮಂಜಣ್ಣ, ಮಕ್ಕಳನ್ನ ಚುನಾವಣಾ ಕೆಲಸಕ್ಕೆ ಬಳಸಬಾರದು ಅಂತ ಆಯೋಗದ ಸೂಚನೆ ಇದೆ, ಸುಮ್ನೆ ಯಾಕೆ ತಲೆನೋವು. ಮೇಷ್ಟ್ರನ್ನ ಕರೀರಿ.

ರಿಪ್ಪನ್‌ಪೇಟೆ ಮೇಷ್ಟ್ರು

ಬರುತ್ತೇನೆ. ಬಸ್ ಚಾರ್ಜ್ ಸ್ಪಾನ್ಸರ್ ಕೊಡಬಾರದು, ಅದು ಮೊದಲೇ ಹೇಳಿರುತ್ತೇನೆ.